ಬೂಮ್ ಎತ್ತುವ ಮುನ್ನ ನೆಲ ನೋಡಿ

ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಿರ್ಮಾಣ ಯಂತ್ರಗಳ ಮೇಳ ‘ಎಕ್ಸ್‌ಕಾನ್’ ನಡೆಯುತ್ತದೆ. ಅಲ್ಲಿಗೆ ಹೋದವರ ಕಣ್ಣಿಗೆ ಟೆಲಿಹ್ಯಾಂಡ್ಲರ್ ಬಿದ್ದೇ ಇರುತ್ತದೆ. ಮುಂದೆ ಫೋರ್ಕ್‌ಲಿಫ್ಟ್‌ಗೆ ಇರುವಂಥದೇ ಎರಡು ಉಕ್ಕಿನ ಫೋರ್ಕ್, ಕೆಳಗೆ ಆಳವಾದ ಗಟ್ಟುಗಳಿರುವ ನಾಲ್ಕು ದೊಡ್ಡ ಟೈರು, ಪಕ್ಕದಲ್ಲಿ ಒಂದೇ ಸೀಟಿನ ಕ್ಯಾಬಿನ್, ಬೆನ್ನ ಮೇಲೆ ಒಂದರೊಳಗಿಂದ ಇನ್ನೊಂದು ಜಾರಿ ಹೊರಬರುವ ಉದ್ದನೆಯ ಬೂಮ್. ಸಾಮಾನ್ಯ ಫೋರ್ಕ್‌ಲಿಫ್ಟ್ ಸರಕನ್ನು ನೇರ ಮೇಲಕ್ಕಷ್ಟೇ ಎತ್ತುತ್ತದೆ. ಇದು ಮೇಲಕ್ಕೂ ಎತ್ತುತ್ತದೆ, ಮುಂದಕ್ಕೂ ಚಾಚುತ್ತದೆ. ನಾಲ್ಕನೇ ಮಹಡಿಯ ಒಳಕ್ಕೆ ಇಟ್ಟಿಗೆಯ ಪ್ಯಾಲೆಟ್ ಇಟ್ಟು ಬರುವುದು ಇದಕ್ಕೆ ನಿತ್ಯದ ಕೆಲಸ.

ಮೇಳದ ಅಂಗಳ ಗಟ್ಟಿಯಾಗಿ ಸಮತಟ್ಟಾಗಿರುತ್ತದೆ. ಯಂತ್ರ ಮುಂದೆ ವರ್ಷಗಟ್ಟಲೆ ದುಡಿಯುವ ಜಾಗ ಹಾಗಿರುವುದಿಲ್ಲ. ಪಾಯ ತೋಡಿ ಮಣ್ಣು ಮುಚ್ಚಿದ ಹೊಸ ಲೇಔಟ್, ನಿನ್ನೆ ಪೈಪ್ ಹಾಕಿದ ಕಾಲುವೆಯ ಅಂಚು, ಮಳೆ ನೀರು ನಿಂತ ತಗ್ಗು, ಜಲ್ಲಿ ಸುರಿದ ದಿಣ್ಣೆ: ಇವೇ ಅದರ ಮನೆ. ಹಾಗೆ ನೋಡಿದರೆ ಈ ಯಂತ್ರ ಹುಟ್ಟಿದ್ದೇ ಹಳ್ಳತಿಟ್ಟಿನ ನೆಲಕ್ಕಾಗಿ. 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆನ್ಸೆನಿಯಲ್ಲಿ ಮಾರ್ಸೆಲ್ ಬ್ರೋ ಎಂಬಾತ ಟ್ರ್ಯಾಕ್ಟರಿನ ಚಾಲಕನ ಸೀಟನ್ನು ಹಿಂದುಮುಂದು ಮಾಡಿ, ದೊಡ್ಡ ಚಕ್ರಗಳ ಮೇಲೆ ಎತ್ತುವ ಕಂಬ ಕೂರಿಸಿದ. ಒರಟು ನೆಲದ ಫೋರ್ಕ್‌ಲಿಫ್ಟ್ ಹೀಗೆ ಬಂತು; ಇಂದಿನ ‘ಮ್ಯಾನಿಟೂ’ ಕಂಪನಿಯ ಹೆಸರು ಬೆಳೆದದ್ದು ಅಲ್ಲಿಂದ. 1977ರಲ್ಲಿ ಇಂಗ್ಲೆಂಡಿನ ಜೆಸಿಬಿ ಕಂಪನಿ, ಚಾಚುವ ಬೂಮ್ ಇದ್ದ ‘ಲೋಡಾಲ್’ ಅನ್ನು ಮಾರುಕಟ್ಟೆಗೆ ತಂದಿತು. ಹೊಲದಲ್ಲಿ ಹುಲ್ಲಿನ ಹೊರೆ ಪೇರಿಸುವವರೂ ಕಟ್ಟಡ ಕಟ್ಟುವವರೂ ಅದನ್ನು ಕೊಂಡರು.

ಒರಟು ನೆಲಕ್ಕೆಂದೇ ಮಾಡಿದ ಯಂತ್ರ ಒರಟು ನೆಲದಲ್ಲಿ ಏಕೆ ಮಗುಚುತ್ತದೆ? ಉತ್ತರದ ಅರ್ಧ ಭಾಗ ಕ್ಯಾಬಿನ್‌ನೊಳಗಿನ ಒಂದು ಚಿತ್ರಪಟದಲ್ಲಿದೆ. ಲೋಡ್ ಚಾರ್ಟ್ ಎಂದು ಅದರ ಹೆಸರು. ಬೂಮ್ ಎಷ್ಟು ಮೇಲಿದೆ, ಎಷ್ಟು ಹೊರಗಿದೆ ಎಂಬ ಎರಡು ಲೆಕ್ಕ ಸೇರುವ ಜಾಗದಲ್ಲಿ, ಅಲ್ಲಿ ಎಷ್ಟು ತೂಕ ಎತ್ತಬಹುದು ಎಂಬುದನ್ನು ಅದು ತೋರಿಸುತ್ತದೆ. ಜೆಸಿಬಿಯ 531-70 ಮಾದರಿಯನ್ನೇ ನೋಡೋಣ. ಹೆಸರಿನ 31 ಎಂದರೆ 3.1 ಟನ್, 70 ಎಂದರೆ 7 ಮೀಟರ್ ಎತ್ತರ. ಬೂಮ್ ಒಳಗಿದ್ದಾಗ ಅದು 3,100 ಕೆ.ಜಿ. ಎತ್ತುತ್ತದೆ, ಐವತ್ತು ಕೆ.ಜಿ.ಯ ಸಿಮೆಂಟ್ ಮೂಟೆಯ ಲೆಕ್ಕದಲ್ಲಿ ಅರವತ್ತೆರಡು ಮೂಟೆ. ಅದೇ ಬೂಮನ್ನು ಪೂರ್ತಿ ಮುಂದಕ್ಕೆ ಚಾಚಿದರೆ ಎತ್ತಬಹುದಾದದ್ದು 1,250 ಕೆ.ಜಿ. ಮಾತ್ರ, ಅಂದರೆ ಇಪ್ಪತ್ತೈದು ಮೂಟೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಮೈಲಿ ನಡೆಯುವ ಹೆಂಗಸು ಅದನ್ನೇ ಕೈ ಚಾಚಿ ಹಿಡಿದು ನಾಲ್ಕು ಹೆಜ್ಜೆ ಹಾಕಲಾರಳು. ಇಲ್ಲಿರುವುದೂ ಅದೇ ನಿಯಮ. ಕೆಲಸ ಒಪ್ಪಿಸುವ ಸೂಪರ್‌ವೈಸರ್ ‘ಇದು ಮೂರು ಟನ್ನಿನ ಗಾಡಿ’ ಎಂದಷ್ಟೇ ಹೇಳಿದರೆ, ಅವನು ಆಪರೇಟರ್‌ಗೆ ಅರ್ಧ ಸತ್ಯವನ್ನೇ ಹೇಳಿದಂತಾಯಿತು.

ಆ ಚಾರ್ಟ್‌ಗೆ ಇನ್ನೊಂದು ಷರತ್ತಿದೆ. ಅದರ ಮೂಲೆಯಲ್ಲೋ ಕೈಪಿಡಿಯ ಪುಟದಲ್ಲೋ ಅಚ್ಚಾಗಿರುತ್ತದೆ; ಸೈಟಿನಲ್ಲಿ ಓದುವವರು ಕಡಿಮೆ. ಅಲ್ಲಿರುವ ಒಂದೊಂದು ಅಂಕಿಯೂ ಗಟ್ಟಿ ನೆಲದ ಮೇಲೆ, ಯಂತ್ರದ ಮೈ ಎಡಬಲಕ್ಕೆ ವಾಲದೆ ನೇರವಾಗಿ ನಿಂತಾಗ ಮಾತ್ರ ಸರಿ. ನೆಲ ವಾಲಿದರೆ ಎಷ್ಟು ತೂಕ ಕಡಿಮೆ ಮಾಡಬೇಕು ಎಂದು ಚಾರ್ಟ್ ಹೇಳುವುದಿಲ್ಲ. ವಾಲಿದ ನೆಲದಲ್ಲಿ ಅದು ಯಾವ ಭರವಸೆಯನ್ನೂ ಕೊಟ್ಟಿಲ್ಲ.

ವಾಲುವುದೆಂದರೆ ಎಷ್ಟು? ಕಣ್ಣಿಗೆ ಕಾಣದಷ್ಟು ಸಾಕು. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ಎರಡು ಮೀಟರ್ ಅಂತರ ಇದೆ ಎಂದಿಟ್ಟುಕೊಳ್ಳೋಣ. ಒಂದು ಬದಿಯ ಚಕ್ರ ಹಸಿ ಮಣ್ಣಿನಲ್ಲಿ ಹತ್ತು ಸೆಂಟಿಮೀಟರ್ ಹೂತಿತು. ಯಂತ್ರ ವಾಲಿದ್ದು ಮೂರು ಡಿಗ್ರಿಗಿಂತಲೂ ತುಸು ಕಡಿಮೆ. ಕ್ಯಾಬಿನ್‌ನಲ್ಲಿ ಕೂತವನಿಗೆ ಅದು ತಿಳಿಯದೇ ಹೋಗಬಹುದು. ಆದರೆ ಹನ್ನೆರಡು ಮೀಟರ್ ಎತ್ತರದಲ್ಲಿರುವ ಸರಕು ಅಷ್ಟರಲ್ಲೇ ಪಕ್ಕಕ್ಕೆ ಅರುವತ್ತು ಸೆಂಟಿಮೀಟರ್ ಸರಿದಿರುತ್ತದೆ. ನೆಲದಲ್ಲಿ ಆದ ಪ್ರತಿಯೊಂದು ಸೆಂಟಿಮೀಟರ್ ತಪ್ಪೂ ಮೇಲೆ ಆರು ಪಟ್ಟಾಗುತ್ತದೆ. ಎತ್ತರ ಹೆಚ್ಚಿದಷ್ಟೂ ಈ ಗುಣಾಕಾರ ಹೆಚ್ಚು.

ಉತ್ತರದ ಇನ್ನರ್ಧ ಯಂತ್ರದ ಅಡಿಯಲ್ಲಿದೆ. ನಾಲ್ಕು ಚಕ್ರ ಇರುವುದರಿಂದ ಇದು ನಾಲ್ಕು ಕಾಲಿನ ಮೇಜಿನಷ್ಟು ಭದ್ರ ಎಂದು ನೋಡಿದವರಿಗೆ ಅನ್ನಿಸುತ್ತದೆ. ಬಹುಪಾಲು ಮಾದರಿಗಳಲ್ಲಿ ಹಿಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಎಡಬಲಕ್ಕೆ ಓಲಾಡುತ್ತದೆ. ಹಳ್ಳತಿಟ್ಟಿನಲ್ಲೂ ನಾಲ್ಕೂ ಟೈರು ನೆಲ ಮುಟ್ಟಿರಲಿ ಎಂದು ಹೀಗೆ ಮಾಡಿದ್ದಾರೆ. ಇದರ ಫಲವಾಗಿ ಯಂತ್ರದ ಭಾರ ನಿಜವಾಗಿ ನಿಂತಿರುವುದು ಮೂರು ಬಿಂದುಗಳ ಮೇಲೆ: ಮುಂದಿನ ಎರಡು ಚಕ್ರ, ಹಿಂದಿನ ಆ ಪಿನ್ನು. ಮೂರನ್ನೂ ಗೆರೆಯಿಂದ ಸೇರಿಸಿದರೆ ಮುಂದೆ ಅಗಲವಾಗಿ ಹಿಂದಕ್ಕೆ ಚೂಪಾಗುವ ತ್ರಿಕೋನ ಸಿಗುತ್ತದೆ. ಯಂತ್ರ ಮತ್ತು ಸರಕು ಎರಡರ ಒಟ್ಟು ಭಾರದ ಕೇಂದ್ರ ಆ ತ್ರಿಕೋನದೊಳಗೆ ಇರುವವರೆಗೆ ಅದು ನಿಲ್ಲುತ್ತದೆ. ಮುಂದಿನ ಗೆರೆ ದಾಟಿದರೆ ಮುಂದಕ್ಕೆ ಮುಗ್ಗರಿಸುತ್ತದೆ, ಪಕ್ಕದ ಗೆರೆ ದಾಟಿದರೆ ಮಗ್ಗುಲಿಗೆ ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಬೂಮ್ ಒಂದು ಕೋನಕ್ಕಿಂತ ಮೇಲೇರಿದಾಗ ಹಿಂದಿನ ಆಕ್ಸಲ್ ಓಲಾಡದಂತೆ ಬಿಗಿಯುವ ಏರ್ಪಾಡಿದೆ, ಎಲ್ಲದರಲ್ಲೂ ಇಲ್ಲ.

ಈ ತ್ರಿಕೋನದಿಂದ ಅನೇಕರು ಊಹಿಸದ ಒಂದು ಸಂಗತಿ ಹೊರಡುತ್ತದೆ. ಸರಕಿಲ್ಲದ ಯಂತ್ರದ ಭಾರ ಹಿಂದಕ್ಕಿರುತ್ತದೆ, ಅಂದರೆ ತ್ರಿಕೋನ ಕಿರಿದಾಗುವ ಕಡೆಗೆ. ಹೊರೆ ಇಳಿಸಿ, ‘ಖಾಲಿ ಗಾಡಿ ತಾನೆ’ ಎಂದು ಬೂಮನ್ನು ಮೇಲೆತ್ತಿಕೊಂಡೇ ದಿಣ್ಣೆಯ ಮೇಲೆ ತಿರುಗಿಸುವವನು ಮಗ್ಗುಲಿಗೆ ಬೀಳುವ ಅಪಾಯಕ್ಕೆ ಬಹಳ ಹತ್ತಿರದಲ್ಲಿರುತ್ತಾನೆ.

ಹೊಸ ಯಂತ್ರಗಳಲ್ಲಿ ಹಸಿರು, ಹಳದಿ, ಕೆಂಪು ದೀಪಗಳ ಎಚ್ಚರಿಕೆ ವ್ಯವಸ್ಥೆ ಇರುತ್ತದೆ. ಯುರೋಪಿನ ಇಎನ್ 15000 ಎಂಬ ಮಾನದಂಡ ಇದಕ್ಕಾಗಿಯೇ ಇದೆ. ಇದು ಒಳ್ಳೆಯ ಸಾಧನ, ಜೀವ ಉಳಿಸುವಂಥದು. ಆದರೆ ಆ ಮಾನದಂಡ ಕೇಳುವುದು ಉದ್ದುದ್ದಕ್ಕೆ ಮುಗ್ಗರಿಸುವ ಅಪಾಯದ ಎಚ್ಚರಿಕೆಯನ್ನು ಮಾತ್ರ. ಯಂತ್ರ ಪಕ್ಕಕ್ಕೆ ವಾಲುತ್ತಿದ್ದರೆ ದೀಪ ಹಸಿರಾಗಿಯೇ ಉರಿಯುತ್ತಿರಬಹುದು. ಪಕ್ಕದ ವಾಲುವಿಕೆಯನ್ನು ತೋರಿಸಲು ಕ್ಯಾಬಿನ್‌ನಲ್ಲಿ ಇರುವುದು ಬೇರೆಯೇ ಒಂದು ಪುಟ್ಟ ಸಾಧನ, ಗಾರೆ ಕೆಲಸದವರ ರಸಮಟ್ಟದಲ್ಲಿರುವಂಥ ಗುಳ್ಳೆಯ ಗಾಜಿನ ನಳಿಕೆ. ಲಕ್ಷಾಂತರ ರೂಪಾಯಿಯ ಯಂತ್ರದಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅದು. ಧೂಳು ಮೆತ್ತಿ, ಗಾಜು ಒಡೆದು, ಕೆಲವೊಮ್ಮೆ ಕಿತ್ತೇ ಹೋಗಿರುತ್ತದೆ. ಅದಿಲ್ಲದ ಯಂತ್ರವನ್ನು ಏರುತಗ್ಗಿನ ನೆಲಕ್ಕೆ ಕಳಿಸಲೇಬಾರದು.

ತಪಾಸಣೆಯ ಮಾತಿಗೆ ಬರೋಣ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆ ‘ಓಶಾ’ದ ನಿಯಮದಂತೆ ಇಂಥ ಯಂತ್ರಗಳನ್ನು ಪ್ರತಿದಿನ ಕೆಲಸಕ್ಕೆ ಹಚ್ಚುವ ಮುನ್ನ ಪರೀಕ್ಷಿಸಬೇಕು, ಹಗಲೂ ರಾತ್ರಿ ದುಡಿಯುವುದಾದರೆ ಪ್ರತಿ ಪಾಳಿಯ ನಂತರ. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ, ಭಾರ ಎತ್ತುವ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷೆ ಮಾಡಿಸಬೇಕೆಂಬ ತತ್ವ ಇದೆ. ವರ್ಷದ ಪ್ರಮಾಣಪತ್ರ ಇದ್ದರೂ ಇವತ್ತು ಬೆಳಿಗ್ಗೆ ಸೋರುತ್ತಿರುವ ಹೋಸ್ ಅದರಲ್ಲಿ ಕಾಣದು. ದಿನದ ಸುತ್ತುನೋಟ ಬೇರೆ, ವರ್ಷದ ಪರೀಕ್ಷೆ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಬಲ್ಲ ಆಪರೇಟರ್ ಯಂತ್ರದ ಹತ್ತಿರ ಹೋಗುವ ಮೊದಲೇ ತಪಾಸಣೆ ಶುರು ಮಾಡುತ್ತಾನೆ. ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಯಂತ್ರ ಒಂದು ಬದಿಗೆ ವಾಲಿದೆಯೇ ಎಂಬುದು ಗೊತ್ತಾಗುತ್ತದೆ. ವಾಲಿದ್ದರೆ ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು. ಕಾರಿನಲ್ಲಿ ಗಾಳಿ ಕಡಿಮೆಯಾದರೆ ಮೈಲೇಜ್ ಹೋಗುತ್ತದೆ. ಇಲ್ಲಿ ಮಟ್ಟವೇ ಹೋಗುತ್ತದೆ. ನಾಲ್ಕೂ ಟೈರಿನ ಗಾಳಿ ಕೈಪಿಡಿ ಹೇಳಿದಷ್ಟೇ ಇರಬೇಕು. ಗೋಡೆಯಲ್ಲಿ ಸೀಳು, ಸಿಕ್ಕಿಕೊಂಡ ಕಂಬಿಯ ತುಂಡು, ಸಡಿಲವಾದ ವೀಲ್ ನಟ್ ಇವನ್ನು ಕೈಯಿಟ್ಟು ನೋಡಬೇಕು. ಕೆಲವು ಯಂತ್ರಗಳ ಟೈರುಗಳಲ್ಲಿ ಭಾರಕ್ಕೆಂದು ದ್ರವವನ್ನೋ ಗಟ್ಟಿ ಫೋಮನ್ನೋ ತುಂಬಿರುತ್ತಾರೆ. ಅಂಥದರ ಬದಲಿಗೆ ಗಾಳಿ ಟೈರು ಹಾಕಿದರೆ ಯಂತ್ರದ ಸ್ಥಿರತೆಯೇ ಬದಲಾಗುತ್ತದೆ.

ಆಮೇಲೆ ನೆಲದ ಮೇಲಿನ ಎಣ್ಣೆ ಕಲೆ. ಬೂಮ್ ಎತ್ತುವುದು, ಚಾಚುವುದು, ಫೋರ್ಕ್ ಬಾಗಿಸುವುದು ಎಲ್ಲವೂ ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದಲೇ. ಸಿಲಿಂಡರ್ ಬಾಯಿಯಲ್ಲಿ ಜಿಡ್ಡು, ಹೋಸ್ ಉಬ್ಬಿರುವುದು, ಜೋಡಣೆಯಲ್ಲಿ ತೊಟ್ಟಿಕ್ಕುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಒಂದು ವಿಷಯವನ್ನು ಒತ್ತಿ ಹೇಳಬೇಕಿದೆ: ಸೋರಿಕೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೊಳೆತು ಬೆರಳೋ ಕೈಯೋ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ತಗುಲಿ ಗಾಯವಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ ಕಾರಣ ಹೇಳಬೇಕು.

ಫೋರ್ಕ್‌ಗಳಲ್ಲಿ ನೋಡಬೇಕಾದದ್ದು, ನಿಂತ ಭಾಗ ಮಲಗಿದ ಭಾಗಕ್ಕೆ ತಿರುಗುವ ಮೂಲೆ. ಎಲ್ಲ ಭಾರವೂ ಅಲ್ಲಿಗೇ ಬೀಳುತ್ತದೆ; ಬಿರುಕು ಬಿಡುವುದೂ ಅಲ್ಲೇ. ನೆಲಕ್ಕೆ ಉಜ್ಜಿ ಉಜ್ಜಿ ಫೋರ್ಕ್ ತೆಳ್ಳಗಾಗುತ್ತದೆ. ದಪ್ಪದಲ್ಲಿ ಹತ್ತನೇ ಒಂದು ಭಾಗ ಸವೆದರೆ ಶಕ್ತಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ, ಏಕೆಂದರೆ ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಐವತ್ತು ಮಿಲಿಮೀಟರ್ ಇದ್ದದ್ದು ನಲವತ್ತೈದಕ್ಕೆ ಬಂದರೆ ಅದನ್ನು ತೆಗೆದು ಹಾಕುವುದೇ ಸರಿ. ಸೈಟಿನಲ್ಲೇ ವೆಲ್ಡಿಂಗ್ ಹೊಡೆದು ಬಿರುಕು ಮುಚ್ಚುವುದು ಮಾಡಲೇಬಾರದ ಕೆಲಸ.

ಫೋರ್ಕ್ ತೆಗೆದು ಬಕೆಟ್ಟೋ ಕೊಕ್ಕೆಯೋ ಹಾಕಿದ್ದರೆ ಅದರ ಲಾಕ್ ಪಿನ್ ಕೂತಿದೆಯೇ ಎಂದು ಕೆಳಗಿಳಿದು ಕಣ್ಣಾರೆ ನೋಡಬೇಕು. ಆ ಜೋಡಣೆಗೆ ಬೇರೆ ಲೋಡ್ ಚಾರ್ಟ್ ಇರುತ್ತದೆ. ಕೊಕ್ಕೆಯಲ್ಲಿ ನೇತಾಡುವ ಸರಕು ತೂಗಾಡುವುದರಿಂದ ಒರಟು ನೆಲದಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ಸೀಟ್ ಬೆಲ್ಟ್, ಹಾರನ್, ಹಿಂದೆ ಸರಿಯುವಾಗಿನ ಅಲಾರಂ, ಕನ್ನಡಿ, ಕೈಬ್ರೇಕ್ ಇವೆಲ್ಲ ಬೇಗ ಮುಗಿಯುವ ಪರೀಕ್ಷೆ. ಕೊನೆಗೆ, ಖಾಲಿ ಬೂಮನ್ನು ಒಮ್ಮೆ ಎತ್ತಿ, ಚಾಚಿ, ಒಳಗೆಳೆದು, ಇಳಿಸಿ ನೋಡಬೇಕು. ಜರ್ಕ್ ಹೊಡೆದರೆ, ತಾನೇ ಇಳಿದರೆ, ಮೆಕ್ಯಾನಿಕ್ ಬರುವವರೆಗೆ ಕೀಲಿ ಆಪರೇಟರ್ ಜೇಬಿನಲ್ಲಿರಲಿ.

ಇಷ್ಟು ಮಾಡಿದರೂ ತಪಾಸಣೆ ಅರ್ಧ ಮಾತ್ರ. ಯಂತ್ರ ಹೋಗುವ ದಾರಿಯನ್ನೂ ನಿಲ್ಲುವ ಜಾಗವನ್ನೂ ಆಪರೇಟರ್ ನಡೆದು ನೋಡಬೇಕು, ಅದೂ ಪ್ರತಿದಿನ, ಮಳೆ ಬಂದ ಮೇಲೆ ಮತ್ತೊಮ್ಮೆ. ಸೈಟಿನಲ್ಲಿ ನೆಲ ದಿನದಿನಕ್ಕೆ ಬದಲಾಗುತ್ತದೆ. ನಿನ್ನೆ ಗಟ್ಟಿಯಿದ್ದ ಜಾಗದಲ್ಲಿ ಪ್ಲಂಬಿಂಗ್‌ನವರು ಕಾಲುವೆ ತೋಡಿ ಸಡಿಲ ಮಣ್ಣು ಮುಚ್ಚಿರುತ್ತಾರೆ. ಮೇಲೆ ಹಲಗೆ ಮುಚ್ಚಿದ ಗುಂಡಿ, ಚೇಂಬರಿನ ಮುಚ್ಚಳ, ಹಳೆಯ ಶೌಚದ ಗುಂಡಿ ಇವು ಖಾಲಿ ಗಾಡಿಯನ್ನು ತಡೆದರೂ ಹೊರೆ ಹೊತ್ತ ಮುಂದಿನ ಚಕ್ರವನ್ನು ತಡೆಯಲಾರವು. ಭಾರ ಎತ್ತಿದಾಗ ಯಂತ್ರದ ಒಟ್ಟು ತೂಕದ ಬಹುಪಾಲು ಮುಂದಿನ ಎರಡೇ ಟೈರುಗಳ ಮೇಲೆ ಬಿದ್ದಿರುತ್ತದೆ. ತೋಡಿದ ಗುಂಡಿಯ ಅಂಚಿನಿಂದ ಕನಿಷ್ಠ ಅದರ ಆಳದಷ್ಟಾದರೂ ದೂರ ನಿಲ್ಲುವುದು ರೂಢಿಯ ಲೆಕ್ಕ. ಸಡಿಲ ಮಣ್ಣಾದರೆ ಇನ್ನೂ ಹೆಚ್ಚು.

ಉತ್ತರ ಕರ್ನಾಟಕದವರಿಗೆ ಎರೆಮಣ್ಣಿನ ಗುಣವನ್ನು ಯಾರೂ ಹೇಳಿಕೊಡಬೇಕಿಲ್ಲ. ಗದಗ, ವಿಜಯಪುರ, ಕಲಬುರಗಿಯ ಬಯಲಲ್ಲಿ ಬೇಸಿಗೆಯಲ್ಲಿ ಕಲ್ಲಿನಂತೆ ಒಣಗಿ ಬಿರಿಯುವ ನೆಲ, ನೀರು ಕುಡಿದರೆ ಉಬ್ಬಿ ಮೆದುವಾಗುತ್ತದೆ. ಮೇಲ್ಪದರ ಒಣಗಿ ಗಟ್ಟಿಯಾಗಿ ಕಂಡರೂ ಒಂದು ಗೇಣು ಕೆಳಗೆ ಹಸಿ ಇರುತ್ತದೆ. ಅಲ್ಲಿ ಯಂತ್ರ ನಿಲ್ಲಿಸುವ ಜಾಗಕ್ಕೆ ಮೊರಂ ಹಾಕಿ ರೋಲರ್ ಹೊಡೆಸುವ ಖರ್ಚನ್ನು ಕಾಮಗಾರಿಯ ಅಂದಾಜಿನಲ್ಲೇ ಸೇರಿಸಬೇಕು. ಯಂತ್ರದ ಮುಂದೆ ಊರುಗಾಲುಗಳಿದ್ದರೆ ಅವುಗಳ ಅಡಿಗೆ ದಪ್ಪ ಹಲಗೆಗಳನ್ನು ಹಾಸಬೇಕು. ಊರುಗಾಲಿನ ತಟ್ಟೆ ಚಿಕ್ಕದು. ಹಲಗೆಯಿಲ್ಲದೆ ಊರಿದರೆ ಅದೇ ಮೊದಲು ಹೂಳುತ್ತದೆ.

ತಲೆಯೆತ್ತಿಯೂ ನೋಡಬೇಕು. ವಿದ್ಯುತ್ ತಂತಿ ಇದ್ದರೆ ಬೂಮ್ ಮುಟ್ಟದಿದ್ದರೂ ಹತ್ತಿರ ಹೋದರೆ ಸಾಕು, ವಿದ್ಯುತ್ ಹಾರಿ ಬರುತ್ತದೆ. ಐವತ್ತು ಕಿಲೋವೋಲ್ಟ್‌ವರೆಗಿನ ತಂತಿಯಿಂದ ಹತ್ತು ಅಡಿಯಾದರೂ ದೂರ ಇರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಏರುತಗ್ಗಿನ ನೆಲದಲ್ಲಿ ಒಂದು ಚಕ್ರ ದಿಣ್ಣೆ ಹತ್ತಿದರೆ ಮೇಲೆ ಬೂಮಿನ ತುದಿ ಎಷ್ಟು ಸರಿಯುತ್ತದೆಂಬ ಲೆಕ್ಕ ಆಗಲೇ ಆಗಿದೆ. ಆ ಅಂತರವನ್ನೂ ಸೇರಿಸಿಕೊಂಡೇ ದೂರ ಇಟ್ಟುಕೊಳ್ಳಬೇಕು.

ಇನ್ನು ಓಡಿಸುವುದು. ಹೊರೆ ಹೊತ್ತು ಸಾಗುವಾಗ ಬೂಮ್ ಪೂರ್ತಿ ಒಳಗಿರಬೇಕು, ಸರಕು ನೆಲಕ್ಕೆ ತಾಗದಷ್ಟೇ ಎತ್ತರದಲ್ಲಿರಬೇಕು, ಫೋರ್ಕ್ ತುಸು ಹಿಂದಕ್ಕೆ ಬಾಗಿರಬೇಕು. ಶೇಕಡ ಹತ್ತಕ್ಕಿಂತ ಹೆಚ್ಚಿನ ಏರಿನಲ್ಲಿ ಹೊರೆ ಯಾವಾಗಲೂ ಮೇಲಿನ ದಿಕ್ಕಿಗೇ ಇರಬೇಕೆಂದು ಓಶಾ ನಿಯಮ ಹೇಳುತ್ತದೆ. ಹತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಏರಿದರೆ ಅದು ಶೇಕಡ ಹತ್ತು. ಅಂದರೆ ಹೊರೆಯಿದ್ದಾಗ ಹತ್ತುವುದು ಮುಂದಕ್ಕೆ, ಇಳಿಯುವುದು ಹಿಮ್ಮುಖವಾಗಿ. ಇಳಿಜಾರಿಗೆ ಅಡ್ಡಲಾಗಿ ಓಡಿಸುವುದೂ ಇಳಿಜಾರಿನಲ್ಲಿ ತಿರುಗಿಸುವುದೂ ಬೇಡ. ದಾರಿ ಸುತ್ತಾದರೂ ಸರಿ, ನೇರ ಏರಿ ನೇರ ಇಳಿಯುವ ಹಾದಿಯನ್ನೇ ಹಿಡಿಯಬೇಕು.

ಜಾಗ ತಲುಪಿದ ಮೇಲೆ ಆಪರೇಟರ್ ನೋಡಬೇಕಾದ ಮೊದಲ ವಸ್ತು ಆ ಗುಳ್ಳೆ. ಕೆಲವು ಮಾದರಿಗಳಲ್ಲಿ ಒಂದು ಲಿವರ್‌ನಿಂದ ಯಂತ್ರದ ಮೈಯನ್ನೇ ಎಡಕ್ಕೋ ಬಲಕ್ಕೋ ಬಾಗಿಸಿ ಮಟ್ಟ ಮಾಡಬಹುದು. ಇದನ್ನು ಮಾಡಬೇಕಾದದ್ದು ಸರಕು ಕೆಳಗಿರುವಾಗ, ಬೂಮ್ ಒಳಗಿರುವಾಗ ಮಾತ್ರ. ಬೂಮ್ ಎತ್ತಿದ ಮೇಲೆ ‘ಸ್ವಲ್ಪ ವಾಲಿದೆ’ ಎಂದು ಆ ಲಿವರ್ ಮುಟ್ಟಿದರೆ, ಮೇಲೆ ಹನ್ನೆರಡು ಮೀಟರಿನಲ್ಲಿರುವ ಭಾರವನ್ನು ಒಮ್ಮೆಗೇ ಪಕ್ಕಕ್ಕೆ ಎಸೆದಂತಾಗುತ್ತದೆ. ಲಿವರ್‌ನಿಂದ ಮಟ್ಟ ಸಿಗದಿದ್ದರೆ ಬೇರೆ ಜಾಗ ಹುಡುಕಬೇಕು, ಇಲ್ಲವೇ ನೆಲ ಸರಿ ಮಾಡಿಸಬೇಕು.

ಎತ್ತಿ ಚಾಚಿದಾಗ ಕೆಂಪು ದೀಪ ಹತ್ತಿತು ಎನ್ನಿ. ಮನಸ್ಸಿಗೆ ತಕ್ಷಣ ಹೊಳೆಯುವುದು ಹೊರೆಯನ್ನು ಕೆಳಗಿಳಿಸುವುದು. ಅದೇ ತಪ್ಪು. ಹತ್ತು ಮೀಟರ್ ಉದ್ದದ ಬೂಮ್ ಅರುವತ್ತು ಡಿಗ್ರಿಯಲ್ಲಿದ್ದಾಗ ಸರಕು ಮುಂದಕ್ಕೆ ಐದು ಮೀಟರ್ ದೂರದಲ್ಲಿರುತ್ತದೆ. ಚಾಚಿದ್ದನ್ನು ಹಾಗೇ ಬಿಟ್ಟು ಮೂವತ್ತು ಡಿಗ್ರಿಗೆ ಇಳಿಸಿದರೆ ಆ ದೂರ ಎಂಟೂವರೆ ಮೀಟರ್ ದಾಟುತ್ತದೆ. ಇಳಿಸಿದಷ್ಟೂ ಯಂತ್ರ ಮುಂದಕ್ಕೆ ಮುಗ್ಗರಿಸುತ್ತದೆ. ಮೊದಲು ಬೂಮನ್ನು ಒಳಗೆ ಎಳೆದುಕೊಳ್ಳಬೇಕು, ಆಮೇಲೆ ಇಳಿಸಬೇಕು. ಗಾಬರಿಯ ಗಳಿಗೆಯಲ್ಲಿ ಕೈ ತಾನಾಗಿ ಸರಿ ಲಿವರಿಗೆ ಹೋಗಬೇಕಾದರೆ ಮೊದಲೇ ಖಾಲಿ ಯಂತ್ರದಲ್ಲಿ ಅಭ್ಯಾಸ ಆಗಿರಬೇಕು.

ಯಂತ್ರ ಬೀಳತೊಡಗಿದರೆ? ಅಮೆರಿಕದ ಸಂಶೋಧನಾ ಸಂಸ್ಥೆ ‘ನಯೋಶ್’ ಎಲ್ಲ ಬಗೆಯ ಫೋರ್ಕ್‌ಲಿಫ್ಟ್ ಸಾವುಗಳ ಲೆಕ್ಕ ಪ್ರಕಟಿಸಿದೆ. 1980ರಿಂದ 1994ರವರೆಗೆ ಆ ದೇಶದಲ್ಲಿ ಸತ್ತ ಕಾರ್ಮಿಕರು 1,021. ಅವರಲ್ಲಿ ಶೇಕಡ 22ರಷ್ಟು ಮಂದಿ ಸತ್ತದ್ದು ಯಂತ್ರ ಮಗುಚಿ. ಅಲ್ಲಿ ಎಲ್ಲ ಕಾರಣಗಳಿಗಿಂತ ದೊಡ್ಡದು ಅದು. ಶೇಕಡ 20ರಷ್ಟು ಮಂದಿ ನಡೆದು ಹೋಗುತ್ತಿದ್ದಾಗ ಯಂತ್ರ ತಾಗಿ ಸತ್ತವರು. ವಾಲುವ ಕ್ಯಾಬಿನ್‌ನಿಂದ ಹೊರಕ್ಕೆ ಹಾರಿದವನ ಮೇಲೇ ಯಂತ್ರ ಬೀಳುವ ಸಂಭವ ಹೆಚ್ಚು, ಏಕೆಂದರೆ ಬೀಳುವ ವೇಗ ಹಾರುವ ವೇಗಕ್ಕಿಂತ ಜಾಸ್ತಿ. ಕ್ಯಾಬಿನ್ ಮಗುಚಿದರೂ ನಜ್ಜುಗುಜ್ಜಾಗದಂತೆ ಕಟ್ಟಿದ ಪಂಜರ. ಬೆಲ್ಟ್ ಹಾಕಿಕೊಂಡು, ಸ್ಟೇರಿಂಗ್ ಬಿಗಿ ಹಿಡಿದು, ಕಾಲು ಊರಿ, ಬೀಳುವ ಬದಿಯಿಂದ ಆಚೆಗೆ ಒರಗಿ ಒಳಗೇ ಕೂತವನು ಬದುಕುವ ಸಾಧ್ಯತೆ ಹೆಚ್ಚು. ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಬಜರ್ ನಿಲ್ಲಿಸುವ ಅಭ್ಯಾಸ ನಮ್ಮ ಸೈಟುಗಳಿಂದ ತೊಲಗಲೇಬೇಕು.

ಸುತ್ತಮುತ್ತ ಇರುವವರ ಮಾತೂ ಇದೆ. ಟೆಲಿಹ್ಯಾಂಡ್ಲರ್‌ನ ಕ್ಯಾಬಿನ್ ಸಾಮಾನ್ಯವಾಗಿ ಎಡಗಡೆ. ಬೂಮ್ ಬಲಗಡೆಯ ನೋಟವನ್ನು ಮರೆಮಾಡುತ್ತದೆ. ಆ ಬದಿಯಲ್ಲಿ ನಿಂತ ಹೆಲ್ಪರ್ ಆಪರೇಟರ್‌ಗೆ ಕಾಣುವುದಿಲ್ಲ. ಸನ್ನೆ ಮಾಡಲು ಒಬ್ಬನೇ ಇರಬೇಕು, ಅವನು ಕಾಣಿಸದ ಕ್ಷಣದಲ್ಲಿ ಯಂತ್ರ ನಿಲ್ಲಬೇಕು. ಎತ್ತಿದ ಫೋರ್ಕ್ ಕೆಳಗೆ ಯಾರೂ ಹಾಯಬಾರದು. ಪ್ಯಾಲೆಟ್ ಮೇಲೆ ಆಳನ್ನು ನಿಲ್ಲಿಸಿ ಮೇಲಕ್ಕೆ ಕಳಿಸುವ ಕೆಟ್ಟ ರೂಢಿಯನ್ನು ಕಂಡ ಮೇಸ್ತ್ರಿ ಅಲ್ಲೇ ತಡೆಯಬೇಕು. ಜನರನ್ನು ಎತ್ತಲು ತಯಾರಕರೇ ಒಪ್ಪಿದ ಬೇರೆ ಬುಟ್ಟಿ ಇದೆ.

ಇದನ್ನೆಲ್ಲ ಆಪರೇಟರ್ ಒಬ್ಬನ ತಲೆಗೆ ಕಟ್ಟಿದರೆ ಅನ್ಯಾಯ. ನಮ್ಮಲ್ಲಿ ಅನೇಕ ಆಪರೇಟರುಗಳು ಹೆಲ್ಪರ್ ಆಗಿ ಬಂದು, ಪಕ್ಕದಲ್ಲಿ ನಿಂತು ನೋಡಿ ಕಲಿತವರು. ಅವರ ಕೈಯಳತೆ ಚೆನ್ನಾಗಿರುತ್ತದೆ. ಚಾರ್ಟ್ ಓದುವುದನ್ನು ಯಾರೂ ಕೂರಿಸಿ ಕಲಿಸಿರುವುದಿಲ್ಲ. ಎಷ್ಟೋ ಚಾರ್ಟುಗಳು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಓಶಾ ನಿಯಮದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ಆಪರೇಟರ್‌ನ ಕೆಲಸವನ್ನು ಮರುಪರೀಕ್ಷೆ ಮಾಡಬೇಕೆಂದಿದೆ. ಕೈಪಿಡಿಯ ಮುಖ್ಯ ಪುಟಗಳು ಕನ್ನಡದಲ್ಲಿ, ಹಿಂದಿಯಲ್ಲಿ, ಸೈಟಿನಲ್ಲಿ ದುಡಿಯುವವರು ಓದುವ ಭಾಷೆಯಲ್ಲಿ ಕ್ಯಾಬಿನ್‌ನೊಳಗೆ ಅಂಟಿರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಹಣದ ಪ್ರಶ್ನೆಯೂ ಇದರೊಳಗೇ ಇದೆ. ಬಾಡಿಗೆ ಯಂತ್ರಕ್ಕೆ ಗಂಟೆಯ ಲೆಕ್ಕ ಇದ್ದಾಗ ಬೆಳಗಿನ ತಪಾಸಣೆ, ದಾರಿ ನಡೆದು ನೋಡುವುದು, ಹಲಗೆ ಹಾಸುವುದು ಎಲ್ಲವೂ ಗುತ್ತಿಗೆದಾರನ ಕಣ್ಣಿಗೆ ವ್ಯರ್ಥ ಸಮಯ. ಕರಾರು ಬರೆಯುವಾಗಲೇ ಆ ಸಮಯವನ್ನೂ ಬಾಡಿಗೆಯೊಳಗೆ ಸೇರಿಸಬಹುದು. ನೆಲ ಸಿದ್ಧಪಡಿಸುವ ಹೊಣೆ ಯಾರದು, ಮಳೆ ಬಂದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ, ಆಪರೇಟರ್ ‘ಇಲ್ಲಿ ಎತ್ತಲಾಗದು’ ಎಂದ ದಿನದ ಕೂಲಿ ಯಾರು ಕೊಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬಹುದು.